ಬಳೆ ಅಂಗಡಿಯೊಳಗಿನ ನಾಯಿ

"ಗುರುಗಳೆ, ಹತ್ತು ಜನ ಬಂದು ಹೋಗುವ ಜಾಗದೊಳಕ್ಕೆ ಸಾಕಿದ ನಾಯಿಯನ್ನು ಬಿಡಬಹುದೆ, ಬಿಡಬಾರದೆ?"

ಈ ಪ್ರಶ್ನೆ ಕೇಳಿದಾಗ ಶಿಷ್ಯ ಮಠದ ಹಜಾರದ ನೆಲ ಒರೆಸುತ್ತಿದ್ದ. ಬೆಳಗಿನ ಪೂಜೆ ಮುಗಿದು ಜನ ಆಗಷ್ಟೇ ಹೋಗಿದ್ದರು. ಬಂದವರ ಅಂಗೈಗೆ ತೀರ್ಥ ಹಾಕುವುದು ಅವನ ಕೆಲಸ. ಆಮೇಲೆ ನೆಲ ಒರೆಸುವುದೂ ಅವನದೇ.

ಗುರು ಕಂಬಕ್ಕೆ ಒರಗಿ ಕುಳಿತಿದ್ದರು. "ಈಗ ಯಾಕೆ ಬಂತು ಈ ಪ್ರಶ್ನೆ?" ಎಂದರು.

"ಪೇಟೆಯ ವಕೀಲರು ದಿನವೂ ತಮ್ಮ ನಾಯಿಯನ್ನು ಕರೆದುಕೊಂಡು ಬರುತ್ತಾರೆ. ಅದು ಬಾಗಿಲ ಬಳಿ ಸುಮ್ಮನೆ ಮಲಗಿರುತ್ತದೆ. ಬೊಗಳುವುದಿಲ್ಲ, ಯಾರನ್ನೂ ಮೂಸುವುದಿಲ್ಲ. ಬೇಡ ಅಂದರೆ ಅವರಿಗೆ ನೋವು. ಇರಲಿ ಅಂದರೆ ಬೇರೆಯವರಿಗೆ ತೊಂದರೆಯೋ ಏನೋ. ಅದಕ್ಕೇ ಒಬ್ಬೊಬ್ಬರನ್ನೂ ಕೇಳಿದೆ. ತೊಂದರೆ ಎಂದು ಒಬ್ಬರೂ ಹೇಳಲಿಲ್ಲ. ಆದರೂ ನನಗೆ ಸಮಾಧಾನವಿಲ್ಲ." ಶಿಷ್ಯ ಬಟ್ಟೆ ಹಿಂಡಿ ಮತ್ತೆ ಬಗ್ಗಿದ. "ಅದು ಹಾಗಿರಲಿ, ಈ ಜನಕ್ಕೆ ಈಚೆಗೆ ನೆಟ್ಟಗೆ ತೀರ್ಥ ಹಿಡಿಯುವುದಕ್ಕೂ ಬರುವುದಿಲ್ಲ. ಚೆಲ್ಲಿ ಚೆಲ್ಲಿ ಹೋಗುತ್ತಾರೆ. ಒರೆಸಿ ಒರೆಸಿ ನನ್ನ ಸೊಂಟ ಬಿತ್ತು."

ಗುರು ಒದ್ದೆ ನೆಲವನ್ನು ಒಮ್ಮೆ ನೋಡಿದರು. "ಒಂದು ಕತೆ ಹೇಳುತ್ತೇನೆ. ಒರೆಸುತ್ತಲೇ ಕೇಳು" ಎಂದರು.

ಒಂದು ಪೇಟೆಯಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನ ಕೈಯಲ್ಲಿ ಬಳೆ ಒಡೆಯುವುದಿಲ್ಲ ಎಂಬ ಮಾತು ಸುತ್ತಲಿನ ಊರುಗಳಲ್ಲೆಲ್ಲ ಇತ್ತು. ಗಾಜಿನ ಬಳೆಯನ್ನು ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಹಾಕಿಕೊಳ್ಳುವ ಕಾಲ ಅದಲ್ಲ. ಹೆಂಗಸರು ಬಂದು ಚಾಪೆಯ ಮೇಲೆ ಕುಳಿತು ಕೈ ನೀಡುತ್ತಿದ್ದರು. ವ್ಯಾಪಾರಿ ಅವರ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಬಳೆಯನ್ನು ಜಾರಿಸುತ್ತಿದ್ದ. ಕೈಗೆ ಒಪ್ಪುವ ಬಳೆ ಬೇಕೆಂದರೆ ಅದು ಬಿಗಿಯಾಗಿಯೇ ಇರಬೇಕು. ಬಿಗಿಯಾದ ಬಳೆ ಏರಬೇಕೆಂದರೆ ಕೈ ಸಡಿಲವಾಗಿರಬೇಕು. ತನ್ನ ಕೈ ತನ್ನದಲ್ಲ ಎನ್ನುವ ಹಾಗೆ ಬಿಟ್ಟುಕೊಡಬೇಕು.

"ಕೈ ಮೆತ್ತಗೆ ಬಿಡು, ತಾಯಿ" ಎನ್ನುತ್ತಿದ್ದ ವ್ಯಾಪಾರಿ. ಅಷ್ಟಕ್ಕೆ ಯಾರ ಕೈಯೂ ಮೆತ್ತಗಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಅವರ ಮುಖ ನೋಡುತ್ತ ಬೇರೆ ಮಾತು ತೆಗೆಯುತ್ತಿದ್ದ. ಹಸು ಕರು ಹಾಕಿತೆ, ತಂಗಿಗೆ ಗಂಡು ಗೊತ್ತಾಯಿತೆ, ಹುಣಸೆಹಣ್ಣು ಏನು ಬೆಲೆ. ಅವರು ಉತ್ತರ ಹೇಳುತ್ತಿರುವಾಗ ಬಳೆ ಮಣಿಕಟ್ಟು ಸೇರಿರುತ್ತಿತ್ತು. ಅವನು ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಅದೇ ಅವನ ಹೆಮ್ಮೆ.

ಬಸುರಿಯರಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರಕ್ಕೆ ಎಲ್ಲರಿಗೂ ಅವನೇ ಬೇಕಾಗಿತ್ತು. ಆ ಹೊತ್ತಿನಲ್ಲಿ ಬಳೆ ಒಡೆದರೆ ಮನೆಯವರ ಮನಸ್ಸಿಗೆ ಬಹಳ ಕೆಡುಕಾಗುತ್ತದೆ. ಆದ್ದರಿಂದ ಒಡೆಯದ ಕೈಯನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಅನ್ನ ನಡೆಯುತ್ತಿದ್ದುದು ಆ ಒಂದು ಹೆಸರಿನಿಂದ.

ಒಂದು ದಿನ ಒಬ್ಬ ಸಾಹುಕಾರನ ಹೆಂಡತಿ ಅಂಗಡಿಗೆ ಬಂದಳು. ಜೊತೆಯಲ್ಲಿ ಅವಳ ನಾಯಿ. ಅದರ ಹೆಸರು ಕಸ್ತೂರಿ. ಆಕೆಗೆ ಮಕ್ಕಳಿರಲಿಲ್ಲ. ಆ ನಾಯಿ ಎಲ್ಲಿಯೋ ಆಕೆಯೂ ಅಲ್ಲಿಯೇ.

"ಹೊರಗೆ ಬಿಸಿಲು. ಇದೂ ಒಳಗೆ ಬರಬಹುದಷ್ಟೆ?" ಎಂದಳು.

ವ್ಯಾಪಾರಿ ನಾಯಿಯನ್ನು ನೋಡಿದ. ಅದು ಅವನನ್ನು ನೋಡಿ, ಚಾಪೆಯ ಅಂಚಿನಲ್ಲಿ ಕುಳಿತು, ಮುಂಗಾಲುಗಳ ಮೇಲೆ ಗದ್ದ ಇಟ್ಟಿತು. ಎಷ್ಟೋ ಜನಕ್ಕಿಂತ ಇದಕ್ಕೇ ಕೂರುವ ರೀತಿ ಗೊತ್ತಿದೆ ಎಂದುಕೊಂಡ. ಅಂದಿನಿಂದ ಸಾಹುಕಾರನ ಹೆಂಡತಿ ದಿನವೂ ಬಂದು ಒಂದಿಷ್ಟು ಹೊತ್ತು ಕುಳಿತು ಹೋಗುವುದು ರೂಢಿಯಾಯಿತು. ಬಳೆ ಕೊಳ್ಳಲಿ ಬಿಡಲಿ, ಅಂಗಡಿ ಅಂದರೆ ಹೆಂಗಸರಿಗೆ ನಾಲ್ಕು ಮಾತಿನ ಜಾಗ.

ವ್ಯಾಪಾರಿ ನ್ಯಾಯ ಬಿಟ್ಟು ನಡೆಯುವವನಲ್ಲ. ಬಂದ ಪ್ರತಿಯೊಬ್ಬಳನ್ನೂ ಕೇಳಿದ: "ಒಳಗೆ ನಾಯಿ ಇದೆ, ತಾಯಿ. ನಿಮಗೆ ಏನೂ ತೊಂದರೆ ಇಲ್ಲವಷ್ಟೆ?"

"ಇರಲಿ ಬಿಡಣ್ಣ, ಮೂಕಪ್ರಾಣಿ" ಎಂದಳು ಒಬ್ಬಳು.

"ಹೆಸರೇನೋ ಕಸ್ತೂರಿ. ಪರಿಮಳ ಮಾತ್ರ ಮಳೆಯಲ್ಲಿ ನೆನೆದ ಕಂಬಳಿಯದು" ಎಂದು ಇನ್ನೊಬ್ಬಳು ಮೂಗು ಮುಚ್ಚಿಕೊಂಡು ನಕ್ಕಳು. ಸಾಹುಕಾರನ ಹೆಂಡತಿಯೂ ನಕ್ಕಳು.

"ದಿನಾ ನಮ್ಮತ್ತೆಯ ಎದುರಿಗೆ ಉಣ್ಣುವವಳು ನಾನು. ಇದಕ್ಕೆ ಹೆದರುತ್ತೇನೆಯೆ?" ಎಂದಳು ಮತ್ತೊಬ್ಬಳು.

ತೊಂದರೆ ಎಂದು ಯಾರೂ ಹೇಳಲಿಲ್ಲ. ವ್ಯಾಪಾರಿ ನಿಶ್ಚಿಂತನಾದ.

ಅದೇ ದಿನಗಳಲ್ಲಿ ಬಳೆ ಒಡೆಯತೊಡಗಿತು. ಮೊದಲು ಅಪರೂಪಕ್ಕೊಂದು. ಆಮೇಲೆ ದಿನವೂ. ವ್ಯಾಪಾರಿ ಬೆರಗಾದ. ಬಳೆಯನ್ನು ಬೆಳಕಿಗೆ ಹಿಡಿದು ನೋಡಿದ, ಬಿರುಕಿಲ್ಲ. ಉಗುರಿನಿಂದ ತಟ್ಟಿ ನೋಡಿದ, ದನಿ ಸರಿಯಾಗಿಯೇ ಇದೆ. ಈ ಸಲದ ಗಾಜೇ ಸರಿಯಿಲ್ಲ ಎಂದುಕೊಂಡ. ಬೇರೆ ಊರಿನಿಂದ ಬಳೆ ತರಿಸಿದ. ಅದೂ ಒಡೆಯಿತು. ತನ್ನ ಬೆರಳುಗಳಿಗೆ ವಯಸ್ಸಾಯಿತೋ ಏನೋ ಎಂದು ಬೆಳಗಾಗೆದ್ದು ಹರಳೆಣ್ಣೆ ತಿಕ್ಕಿಕೊಂಡ. ಎಣ್ಣೆ ಖರ್ಚಾಯಿತು, ಒಡೆಯುವುದು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ನೇಕಾರನ ಹೆಂಡತಿ ತನ್ನ ಅತ್ತೆಯ ಜೊತೆಯಲ್ಲಿ ಬಂದಳು. ಚೊಚ್ಚಲ ಬಸುರಿ. ಮದುವೆಯ ಬಳೆಯಿಂದ ಹಿಡಿದು ಆಕೆಗೆ ಬಳೆ ತೊಡಿಸುತ್ತ ಬಂದವನು ಈ ವ್ಯಾಪಾರಿಯೇ. ಶಾಸ್ತ್ರ ಬರುವ ಶುಕ್ರವಾರ. ಅದಕ್ಕೆ ಮುಂಚೆ ಅಳತೆ ನೋಡಿ ಹೋಗೋಣವೆಂದು ಬಂದಿದ್ದರು. ಅಂದೂ ಸಾಹುಕಾರನ ಹೆಂಡತಿ ಕುಳಿತಿದ್ದಳು. ನಾಯಿ ಚಾಪೆಯ ಅಂಚಿನಲ್ಲಿ ಮಲಗಿತ್ತು.

ವ್ಯಾಪಾರಿ ವಾಡಿಕೆಯಂತೆ ಕೇಳಿದ: "ನಾಯಿ ಇದೆ ಮಗಳೇ, ಪರವಾಗಿಲ್ಲವೆ?"

ಅವಳು ಅತ್ತೆಯ ಮುಖ ನೋಡಿದಳು. ಸಾಹುಕಾರನ ಹೆಂಡತಿಯ ಮುಖ ನೋಡಿದಳು. "ಪರವಾಗಿಲ್ಲ" ಎಂದಳು.

ಅವನು ಹಸಿರು ಬಳೆ ತೆಗೆದ. ತವರಿಗೆ ಹೋಗುವುದು ಯಾವಾಗ ಎಂದು ಮಾತು ತೆಗೆದ. ಗೆಣ್ಣಿನ ಹತ್ತಿರ ಬಳೆ ಚಟ್ಟೆಂದಿತು. ಇನ್ನೊಂದು ತೆಗೆದ. ಅದೂ ಒಡೆದು, ಚೂರು ಅವಳ ಕೈಗೆ ಚುಚ್ಚಿ ರಕ್ತ ಬಂತು.

ಅತ್ತೆ ಎದ್ದು ನಿಂತಳು. "ಒಡೆಯದ ಕೈ ಅಂತ ನಂಬಿ ಬಂದೆವಲ್ಲಪ್ಪ, ಇದೇನು ಇದು? ಶಾಸ್ತ್ರಕ್ಕೆ ಕೆಳಗಿನ ಬೀದಿಯವನನ್ನು ಕರೆಸಿಕೊಳ್ಳುತ್ತೇವೆ. ನಡಿಯೇ" ಎಂದು ಸೊಸೆಯನ್ನು ಎಬ್ಬಿಸಿಕೊಂಡು ಹೋದಳು.

ವ್ಯಾಪಾರಿಗೆ ಊಟ ಸೇರಲಿಲ್ಲ. ಒಬ್ಬ ಬಸುರಿ ಬೇರೆಯವನ ಕೈಗೆ ಹೋದಳೆಂದರೆ ಆ ಸುದ್ದಿ ನೀರು ಸೇದುವ ಬಾವಿಯ ಬಳಿಯೇ ಊರಿಗೆಲ್ಲ ಹಂಚಿಹೋಗುತ್ತದೆ. ಆಮೇಲೆ ಅವನ ಅಂಗಡಿಗೆ ಯಾರು ಬರುತ್ತಾರೆ? ಗಾಜಿನ ಮೇಲೆ ಸಿಟ್ಟು ಬಂದು, ಉಳಿದ ಬಳೆಯನ್ನೆಲ್ಲ ಹಿಂದಕ್ಕೆ ಕಳಿಸಲು ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬಿದ.

ಮರುದಿನ ಸಾಹುಕಾರನ ಹೆಂಡತಿ ಬರಲಿಲ್ಲ. ಮನೆಗೆ ನೆಂಟರು ಬಂದಿದ್ದರಂತೆ. ಬೇರೆ ಹೆಂಗಸರು ಬಂದು ಕೈ ನೀಡಿದರು. ಕೊಡುವುದಕ್ಕೆ ಬೇರೆ ಬಳೆ ಇಲ್ಲದೆ ವ್ಯಾಪಾರಿ ಪೆಟ್ಟಿಗೆಯನ್ನೇ ಬಿಚ್ಚಿದ. ಹೆದರಿ ಹೆದರಿ ತೊಡಿಸಿದ. ಸಂಜೆಯವರೆಗೆ ಒಂದೂ ಒಡೆಯಲಿಲ್ಲ.

ಅವನು ಆ ಬಳೆಗಳನ್ನು ಮುಂದಿಟ್ಟುಕೊಂಡು ಕುಳಿತ. ಗಾಜು ನಿನ್ನೆಯದೇ, ಬೆರಳು ನಿನ್ನೆಯದೇ. ಹಾಗಾದರೆ ಇವತ್ತು ಇಲ್ಲದೆ ಇದ್ದುದು ಏನು? ಚಾಪೆಯ ಅಂಚಿನಲ್ಲಿ ನಾಯಿಯ ಕೂದಲು ಅಂಟಿಕೊಂಡಿತ್ತು. ಅದನ್ನು ಬಹಳ ಹೊತ್ತು ನೋಡಿದ. ಆದರೆ ನಾಯಿ ಯಾವ ಬಳೆಯನ್ನೂ ಮುಟ್ಟಿರಲಿಲ್ಲ. ತೊಂದರೆ ಎಂದು ಯಾರೂ ಹೇಳಿಯೂ ಇರಲಿಲ್ಲ.

ನೆಂಟರು ಹೋದ ಮೇಲೆ ಸಾಹುಕಾರನ ಹೆಂಡತಿ ನಾಯಿಯೊಂದಿಗೆ ಬಂದಳು. ಅತ್ತೆಯ ಎದುರಿಗೆ ಉಣ್ಣುವ ಆ ಮಾತುಗಾತಿಯೂ ಬಂದು ಕೈ ನೀಡಿದಳು. ವ್ಯಾಪಾರಿ ಅಂದು ಮುಖ ನೋಡಲಿಲ್ಲ. ತಲೆ ಬಗ್ಗಿಸಿ ಕೈಯನ್ನೇ ನೋಡಿದ. ಬಾಯಿ ನಗುತ್ತಿತ್ತು. ಕೈಯ ನರಗಳು ಎದ್ದು ನಿಂತಿದ್ದವು. ಹೆಬ್ಬೆರಳು ಮಡಿಸಿದರೆ ಮರದ ತುಂಡಿನ ಹಾಗೆ ನೆಟ್ಟಗಾಗುತ್ತಿತ್ತು. ನಾಯಿ ನಿದ್ದೆಯಲ್ಲಿ ಕಿವಿ ಕೊಡವಿದರೆ ಇಡೀ ತೋಳು ಅದುರುತ್ತಿತ್ತು.

"ಅಮ್ಮ, ತಪ್ಪು ತಿಳಿಯಬೇಡಿ" ಎಂದು ಸಾಹುಕಾರನ ಹೆಂಡತಿಯನ್ನು ಕೇಳಿಕೊಂಡು, ನಾಯಿಯನ್ನು ಎದುರಿನ ಹೊಂಗೆಮರದ ನೆರಳಿನಲ್ಲಿ ಕಟ್ಟಿ, ಮುಂದೆ ನೀರಿಟ್ಟು ಬಂದ. ಮತ್ತೆ ಮಾತುಗಾತಿಯ ಕೈ ಹಿಡಿದ. ನೆನೆದ ಅರಿವೆಯ ಹಾಗೆ ಮೆತ್ತಗಿತ್ತು. ಬಳೆ ತಾನಾಗಿ ಏರಿತು.

ಉತ್ತರ ಸಿಕ್ಕಿತೆಂದು ಅವನು ಹಿಗ್ಗಿದ. ಇನ್ನು ಈ ಅಂಗಡಿಗೆ ನಾಯಿ ಕೂಡದು ಎಂದು ಮನಸ್ಸಿನಲ್ಲಿಯೇ ತೀರ್ಮಾನ ಮಾಡಿಬಿಟ್ಟ. ಅಷ್ಟರಲ್ಲಿ ಸಾಹುಕಾರನ ಹೆಂಡತಿ, "ನನಗೂ ಎರಡು ತೊಡಿಸು" ಎಂದು ಕೈ ನೀಡಿದಳು. ಹೊರಗೆ ನಾಯಿ ಕುಂಯ್‌ಗುಟ್ಟಿತು. ಬಳೆ ಚಟ್ಟೆಂದು ಒಡೆಯಿತು.

"ನಿನ್ನ ಕೈಗೆ ಏನು ಬಂದಿದೆಯೋ ಮಾರಾಯ!" ಎಂದು ಆಕೆ ಕೈ ಎಳೆದುಕೊಂಡಳು. ಕಣ್ಣು ಮಾತ್ರ ಹೊಂಗೆಮರದ ಕಡೆಯೇ ಇತ್ತು.

ವ್ಯಾಪಾರಿ ಚೂರುಗಳನ್ನು ಆಯ್ದು ಅಂಗೈಯಲ್ಲಿ ಹಿಡಿದುಕೊಂಡ. ಆಗತಾನೇ ಮಾಡಿದ ತೀರ್ಮಾನ ಅಲ್ಲಿಯೇ ನಿಂತುಹೋಯಿತು. ಅದೇ ನಾಯಿ. ಒಳಗಿದ್ದರೆ ಒಂದು ಕೈ ಬಿಗಿಯುತ್ತದೆ, ಹೊರಗಿದ್ದರೆ ಇನ್ನೊಂದು ಕೈ ಬಿಗಿಯುತ್ತದೆ. ಎರಡು ಕೈಯನ್ನೂ ಹಿಡಿದವನು ತಾನು. ಎರಡು ಕೈಯನ್ನೂ ನೋಡದೆ ಹೋದವನೂ ತಾನು.

ಶುಕ್ರವಾರಕ್ಕೆ ಮುಂಚೆಯೇ ಅವನು ಬಳೆಯ ಮಲಾರವನ್ನು ಹೆಗಲಿಗೇರಿಸಿ ನೇಕಾರನ ಮನೆಗೆ ಹೋದ. ಅತ್ತೆ ಹೊಸಿಲಿನಲ್ಲಿ ನಿಂತು, "ಕೆಳಗಿನ ಬೀದಿಯವನಿಗೆ ಹೇಳಿ ಕಳಿಸುವುದೊಂದೇ ಬಾಕಿ" ಎಂದಳು.

"ಹೇಳಿ ಕಳಿಸುವಿರಂತೆ, ತಾಯಿ. ಅದಕ್ಕೆ ಮುಂಚೆ ಒಂದೇ ಒಂದು ಸಲ ನಿಮ್ಮ ಸೊಸೆಯ ಕೈ ನೋಡುತ್ತೇನೆ. ಒಡೆದರೆ ಈ ಕಸುಬನ್ನೇ ಬಿಡುತ್ತೇನೆ."

ಸೊಸೆ ಬಂದು ಕುಳಿತು ಕೈ ನೀಡಿದಳು. ಅವನು ಬಳೆ ತೆಗೆಯಲಿಲ್ಲ. ಕೈಯನ್ನು ಬೆಳಕಿಗೆ ತಿರುಗಿಸಿದ. ಮಣಿಕಟ್ಟಿನ ಮೇಲೆ, ಬಳೆ ನಿಲ್ಲುವ ಜಾಗದಲ್ಲಿಯೇ, ಹಲ್ಲು ಊರಿದ ಹಳೆಯ ಗಾಯದ ಗುರುತಿತ್ತು. ಮದುವೆಯಿಂದ ಈಚೆಗೆ ಅದರ ಮೇಲೆಯೇ ಅವನು ಬಳೆ ಏರಿಸುತ್ತ ಬಂದಿದ್ದ.

"ನಾಯಿಯೆ, ಮಗಳೇ?"

"ಹೂಂ. ಚಿಕ್ಕವಳಿದ್ದಾಗ."

"ಅವತ್ತು ನಾನು ಬಾಯಿಬಿಟ್ಟು ಕೇಳಿದೆನಲ್ಲ. ಯಾಕಮ್ಮ ಹೇಳಲಿಲ್ಲ?"

ಅವಳಿಗೆ ನಗು ಬಂತು. "ನಾಯಿಯನ್ನು ಪಕ್ಕದಲ್ಲಿ ಮಲಗಿಸಿ, ನಾಯಿಯ ಒಡತಿಯನ್ನು ಎದುರಿಗೆ ಕೂರಿಸಿ, ನಿನಗೆ ತೊಂದರೆಯೆ ಅಂತ ಕೇಳಿದಿರಿ. ಇನ್ನೇನು ಹೇಳಲಣ್ಣ ನಾನು?"

ಅವಳು ಇನ್ನೂ ನಗುತ್ತಿರುವಾಗಲೇ ಹಸಿರು ಬಳೆ ಆ ಗುರುತನ್ನು ದಾಟಿ ಮಣಿಕಟ್ಟಿನಲ್ಲಿ ನಿಂತಿತು. ಅದರ ಹಿಂದೆ ಇನ್ನೊಂದು. ಅತ್ತೆ ಒಳಗೆ ಹೋಗಿ ಅವನಿಗೆ ಮಜ್ಜಿಗೆ ತಂದಳು. ಕೆಳಗಿನ ಬೀದಿಗೆ ಯಾರೂ ಹೋಗಲಿಲ್ಲ.

ಆಮೇಲೆ ವ್ಯಾಪಾರಿ ನಾಯಿಯ ವಿಷಯವಾಗಿ ಯಾರನ್ನೂ ಕೇಳಲಿಲ್ಲ. ಬಂದವಳ ಕೈಯನ್ನು ಸುಮ್ಮನೆ ಒಮ್ಮೆ ಹಿಡಿದು ನೋಡುತ್ತಿದ್ದ. ಕೈ ಮೆತ್ತಗಿದ್ದರೆ ನಾಯಿ ಚಾಪೆಯ ಅಂಚಿನಲ್ಲಿಯೇ ಇರುತ್ತಿತ್ತು. ಬಿಗಿದಿದ್ದರೆ ಹೊಂಗೆಮರದ ನೆರಳಿಗೆ ಹೋಗುತ್ತಿತ್ತು. ಸಾಹುಕಾರನ ಹೆಂಡತಿಗೆ, ಅಂಗಡಿ ತೆರೆದೊಡನೆ, ಬೇರೆ ಯಾರೂ ಬರುವ ಮುಂಚೆ, ಅವಳ ಮಡಿಲಿನಲ್ಲಿ ನಾಯಿಯ ತಲೆ ಇರುವಾಗಲೇ ಬಳೆ ತೊಡಿಸುತ್ತಿದ್ದ. ಆಕೆ ಮೊದಮೊದಲು ಮುನಿಸಿಕೊಂಡಳು. ಬಳೆ ಒಡೆಯುವುದು ನಿಂತ ಮೇಲೆ ಮುನಿಸೂ ನಿಂತಿತು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ನಿಂತ. "ಕತೆ ಚೆನ್ನಾಗಿದೆ, ಗುರುಗಳೆ. ಆದರೆ ನಮ್ಮ ಹಜಾರದ ಮಾತೇ ಬೇರೆ. ನಾವೇನು ಬಳೆ ತೊಡಿಸುತ್ತೇವೆಯೆ? ಯಾರ ಕೈ ಬಿಗಿದಿದೆ, ಯಾರದು ಸಡಿಲವಿದೆ ಎಂದು ಇಲ್ಲಿ ತಿಳಿಯುವುದು ಹೇಗೆ?"

ಗುರುಗಳ ಕಣ್ಣು ಇನ್ನೂ ಆರದ ನೆಲದ ಮೇಲಿತ್ತು.

"ತೀರ್ಥ ಹಾಕಿದವನು ನೀನಲ್ಲವೆ, ಯಾರ ಯಾರ ಅಂಗೈಯಿಂದ ಚೆಲ್ಲಿತು?" ಎಂದರು.

ಶಿಷ್ಯ ನಾಯಿ ಮಲಗುವ ಬಾಗಿಲ ಕಡೆ ತಿರುಗಿ ನೋಡಿದ.