ಅಳುವ ಗೋಡೆಯ ಕೋಣೆ

"ಕೇಳ್ರಪ್ಪೋ ಕೇಳಿ! ನಮ್ಮ ದೊರೆ ಹಾಲಪ್ಪನಾಯಕರ ಮಗಳು ಚಿನ್ನಾಜಮ್ಮ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ!"

ಕರೇಕಲ್ಲುದುರ್ಗದ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆಯುತ್ತಿದ್ದರೆ, ಅರಮನೆಯೊಳಗೆ ದೊರೆ ಕಿವಿ ಮುಚ್ಚಿಕೊಂಡು ಕೂತಿದ್ದ. ಮಗಳು ಕೇಳಿದ್ದು ಒಗಟಿನ ಮಾತು ಮಾತ್ರ. "ಬಿಡಿಸಿದವನ ಜೊತೆಗೇ ನಾನು ಈ ಕೋಣೆ ಬಿಟ್ಟು ಬರೋದು" ಅಂದಿದ್ದಳು. ತಲೆದಂಡ ಸೇರಿಸಿದವನು ಅಪ್ಪ. ಹೆದರಿ ಯಾರೂ ಬಾರದಿದ್ದರೆ ಆ ಕೋಣೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ!

ಆ ಕೋಣೆಯ ಚಂದ ಏನು ಹೇಳಲಿ! ದೊರೆ ಕಿರಿಯ ರಾಣಿಯನ್ನು ತಂದಾಗ ಆಕೆಗೆ ಮಗಳ ಮಹಡಿ ಕೋಣೆಯೇ ಬೇಕಾಯಿತು. ತಾಯಿಯಿಲ್ಲದ ಹುಡುಗಿಯನ್ನು "ಬೇಸಿಗೆಗೆ ತಂಪಗಿರುತ್ತೆ ಮಗಳೇ" ಎಂದು ಪುಸಲಾಯಿಸಿ, ಕಾಳು ತುಂಬಿಡುತ್ತಿದ್ದ ನೆಲಮಾಳಿಗೆಗೆ ಇಳಿಸಿದ. ಅವನೋ ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಅಗ್ಗದಲ್ಲಿ ಮುಗಿಯಲಿ ಎಂದು ಹಸಿ ನೆಲದ ಮೇಲೇ ಹಲಗೆ ಹಾಸಿಸಿದ, ಧೂಳು ಬರುತ್ತದೆಂದು ಗವಾಕ್ಷಿ ಮುಚ್ಚಿಸಿದ, ಆರದ ಗೋಡೆಗೆ ಸುಣ್ಣ ಬಳಿಸಿ ಹೂಬಳ್ಳಿ ಬರೆಸಿದ. ಮೇಲೆ ಕಿರಿಯ ರಾಣಿಯ ಹೊಸ ಬಚ್ಚಲು. ಅದರ ನೀರು ಹರಿಯುವುದು ಇದೇ ಗೋಡೆಯ ಮಗ್ಗುಲಲ್ಲಿ. ಮೊದಲ ಮಳೆಗಾಲಕ್ಕೇ ಹೂಬಳ್ಳಿ ಉದುರಿತು, ಹುಡುಗಿಗೆ ಕೆಮ್ಮು ಹಿಡಿಯಿತು.

ದೊರೆಗೆ ಕಾರಣ ಗೊತ್ತಿತ್ತು ಕಣ್ರೀ. ಆದರೆ ಮೋರಿ ತಿರುಗಿಸಿದರೆ ತಪ್ಪು ಒಪ್ಪಿಕೊಂಡಂತೆ, ಊರೆಲ್ಲ ನಗುವಂತೆ. ಅದಕ್ಕೇ ದಿನಾ ಬೆಳಿಗ್ಗೆ ತಾನೇ ಇಳಿದು ಬಂದು, ಶಲ್ಯದ ತುದಿಯಲ್ಲಿ ಗೋಡೆಯ ನೀರು ಒರೆಸಿ, ಮಗಳ ಮುಖ ನೋಡದೆ ಹತ್ತಿ ಹೋಗುತ್ತಿದ್ದ.

ಅರ್ಧ ರಾಜ್ಯ ಅಂದರೆ ಸುಮ್ಮನೆಯೆ? ತಲೆ ಹೋದರೂ ಸರಿ ಎಂದು ಬಂದೇ ಬಂದರು. ಹುಡುಗಿ ಕಂಬಳಿ ಹೊದ್ದು ಮಂಚದ ಮೇಲೆ ಕೂತು ಮೊದಲ ಒಗಟು ಹಾಕಿದಳು. "ಅದಕ್ಕೆ ಕಾಲಿಲ್ಲ, ಗೋಡೆ ಹತ್ತುತ್ತೆ. ಬಾಯಿಲ್ಲ, ಸುಣ್ಣ ತಿನ್ನುತ್ತೆ. ಏನದು?"

ಪಾಳೆಯಗಾರನ ಮಗನೊಬ್ಬ ಮೀಸೆ ತಿರುವಿ "ಹಲ್ಲಿ" ಅಂದ.

"ನಿಮ್ಮೂರ ಹಲ್ಲಿಗೆ ಕಾಲಿಲ್ಲವೇನೋ!" ಅಂದಳು. ಅವನು ಸೆರೆಮನೆ ಸೇರಿದ. ಇನ್ನೊಬ್ಬ "ಬಸವನಹುಳು" ಎಂದು ಅವನ ಪಕ್ಕದಲ್ಲೇ ಕೂತ. ಒಬ್ಬೊಬ್ಬನಿಗೆ ಬೇಡಿ ಹಾಕುವಾಗಲೂ ದೊರೆಯ ನಾಲಗೆ ತುದಿಗೆ ಉತ್ತರ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದ. ರಾತ್ರಿ ಊಟ ಸೇರುತ್ತಿರಲಿಲ್ಲ.

ಅಮಾವಾಸ್ಯೆಗೆ ಮುಂಚಿನ ದಿನ ಬಂದವನು ಸಣ್ಣೀರ. ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಊರೂರು ಮಾರುವ ಹುಡುಗ.

"ನಿನಗೂ ರಾಜ್ಯದ ಆಸೆಯೇನೋ?" ಎಂದು ದೊರೆ ಗದರಿಸಿದ.

"ಇಲ್ಲ ಬುದ್ಧಿ. ಅಡುಗೆಮನೆಗೆ ಉಪ್ಪು ಹಾಕೋಕೆ ಬಂದಾಗೆಲ್ಲ ಒಂದು ಕೆಮ್ಮು ಕೇಳ್ತಿತ್ತು. ಅದು ಸೋರೋ ಗುಡಿಸಲಿನ ಕೆಮ್ಮು. ಅರಮನೇಲಿ ಯಾಕದೆ ಅಂತ ನೋಡೋಕೆ ಬಂದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊರೆ ತಲೆ ತಗ್ಗಿಸಿದ.

ಮೊದಲ ಒಗಟು ಕೇಳಿ ಹುಡುಗ ಗೋಡೆಗೆ ಅಂಗೈ ಇಟ್ಟ. "ತೇವ ಅಮ್ಮಣ್ಣಿ. ನೆಲದಿಂದ ಹತ್ತುತ್ತೆ, ಸುಣ್ಣ ಹಪ್ಪಳದ ಹಾಗೆ ಉದುರಿಸುತ್ತೆ. ನನ್ನ ಅರ್ಧ ಉಪ್ಪು ತಿಂದಿದ್ದೂ ಅದೇ."

"ಸರಿ. ಬಾಗಿಲು ಹಾಕಿದರೆ ನೆಂಟರು ಹೊರಗೆ ಉಳೀತಾರೆ. ನನ್ನ ನೆಂಟನೊಬ್ಬ ಬಾಗಿಲು ಹಾಕಿದರೆ ಒಳಗೇ ಬೆಳೀತಾನೆ, ತೆಗೆದರೆ ಎದ್ದು ಹೋಗ್ತಾನೆ. ಯಾರವನು?"

ಹುಡುಗ ಮೂಗರಳಿಸಿ ನಕ್ಕ. "ಮುಗ್ಗಲು ವಾಸನೆ. ಗಾಳಿ ಆಡಿದರೆ ಅವನಿಗೆ ಇಲ್ಲಿ ಜಾಗ ಎಲ್ಲಿ?"

ಚಿನ್ನಾಜಮ್ಮ ನಗಲಿಲ್ಲ. "ಈ ಗೋಡೆ ಅಳುತ್ತೆ. ಅಳಿಸಿದವನೇ ದಿನಾ ಬಂದು ಕಣ್ಣೀರು ಒರೆಸ್ತಾನೆ, ಅಳಿಸೋದು ಮಾತ್ರ ಬಿಡೋದಿಲ್ಲ. ಅವನು ಯಾರು?"

ಸಣ್ಣೀರ ಗೋಡೆ ನೋಡಿದ, ಸೂರು ನೋಡಿದ. ಮೇಲೆ ಎಲ್ಲೋ ನೀರು ಹರಿಯುವ ಸದ್ದು. "ಬಚ್ಚಲ ನೀರು ಅಳಿಸುತ್ತೆ ಅನ್ನೋದು ಗೊತ್ತಾಯ್ತು. ಒರೆಸೋನು ಯಾರೋ ನಾನು ಕಾಣೆ. ಸುಮ್ಮನೆ ಯಾರ ಹೆಸರಾದರೂ ಹೇಳಿ ಅವರ ಮೇಲೆ ಪಾಪ ಹೊರಿಸಲಾರೆ. ಗೊತ್ತಿಲ್ಲ ಅಮ್ಮಣ್ಣಿ."

ಭಟರು ಅವನ ತೋಳು ಹಿಡಿದರು. "ನನ್ನ ಕತ್ತೆಗೆ ಯಾರಾದರೂ ನೀರು ಕುಡಿಸಿ" ಅಂದ ಹುಡುಗ.

ದೊರೆಗೆ ಇನ್ನು ತಡೆಯಲಾಗಲಿಲ್ಲ. "ಬಿಡ್ರೋ ಅವನನ್ನ!" ಎಂದು ಕೂಗಿದ. "ಉತ್ತರ ನಾನು. ಇವಳ ಅಪ್ಪ. ಮೋರಿ ಹಾಯಿಸಿದವನೂ ನಾನೇ, ಒರೆಸಿದವನೂ ನಾನೇ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಾನು ಕುಡಿಯೋ ನೀರನ್ನ ಈ ಬಡಪಾಯಿಗಳಿಗೆ ಕುಡಿಸೋಕೆ ಹೊರಟಿದ್ದೆ." ಹಾಗೆಂದು ಹಸಿ ಹಲಗೆಯ ಮೇಲೇ ಕುಸಿದು ಕೂತ.

ಚಿನ್ನಾಜಮ್ಮ ಮಂಚದಿಂದ ಇಳಿದು ಬಂದು ಅಪ್ಪನ ಎದುರು ಕೂತಳು.

"ಇದನ್ನ ನನಗೇ ನೇರವಾಗಿ ಹೇಳಬಾರದಿತ್ತೇನವ್ವ?" ಅಂದ ದೊರೆ.

"ಹೇಳಿದ್ದರೆ ಇನ್ನೊಂದು ಸಲ ಸುಣ್ಣ ಬಳಿಸ್ತಿದ್ರಿ ಅಪ್ಪಾಜಿ."

ದೊರೆ ಬಾಯಿಗೆ ಶಲ್ಯ ಒತ್ತಿಕೊಂಡು ಅತ್ತ.

ಸೆರೆಯಲ್ಲಿದ್ದವರನ್ನು ಅಂದೇ ಬಿಟ್ಟರು. "ಮೂರನೆಯದನ್ನ ಇವನು ಬಿಡಿಸಲಿಲ್ಲವಲ್ಲ?" ಎಂದು ಕಿರಿಯ ರಾಣಿ ಕೊಂಕು ತೆಗೆದಳು. "ಗೊತ್ತಿಲ್ಲ ಅನ್ನೋ ಗಂಡಸನ್ನ ಈ ಅರಮನೇಲಿ ಇವತ್ತೇ ನೋಡಿದ್ದು, ನನಗೆ ಇವನೇ ಸಾಕು" ಅಂದಳು ಚಿನ್ನಾಜಮ್ಮ. ಮದುವೆಯಾಯಿತು. ಅರ್ಧ ರಾಜ್ಯವನ್ನು ದೊರೆ ಚೌಕಾಸಿ ಮಾಡದೆ ಕೊಟ್ಟ. ಅವನ ಜನ್ಮದಲ್ಲಿ ಅದೇ ಮೊದಲು.

ಮಗಳು ಹೊರಟ ಮರುದಿನ ಮೋರಿ ತಿರುಗಿಸಲು ಒಡ್ಡರ ಮುದುಕನೊಬ್ಬನನ್ನು ಕರೆಸಿದ. ಮುದುಕ ಗುದ್ದಲಿ ತಂದು ಕಾಲುವೆಯನ್ನು ಗೋಡೆಯಿಂದ ಆಚೆಗೆ ತೋಡಿದ, ಗವಾಕ್ಷಿಯ ಕಲ್ಲು ಕಿತ್ತ. ಮಧ್ಯಾಹ್ನದ ಮುದ್ದೆಗೆ ಮುಂಚೆಯೇ ಕೈ ತೊಳೆದುಕೊಂಡು "ಆಯ್ತು ಬುದ್ಧಿ" ಅಂದ.

"ಇಷ್ಟೇನಾ?" ಅಂದ ದೊರೆ. ಅವನ ಮುಖ ಬಿಳಿಚಿಕೊಂಡಿತ್ತು. "ಇಷ್ಟೇನಾ ಕೆಲಸ?"

"ಇಷ್ಟೇ ಬುದ್ಧಿ" ಅಂದ ಮುದುಕ.