ಪಿಕಳಾರದ ಗೂಡು, ಕೂದಲಿನ ಕ್ಲಿಪ್ಪು

"ಅವ್ವಾ, ಇನ್ನೊಬ್ಬರ ಮನೆಯೊಳಗೆ ಸುಮ್ಮನೆ ಇಣುಕಿ ನೋಡಿದರೆ ಯಾರ ಗಂಟೇನು ಹೋಗುತ್ತದೆ?" ಎಂದು ಶಿಷ್ಯೆ ನೀಲಾಂಬಿಕೆ ಕೇಳಿದಳು.

ಅವ್ವ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹತ್ತಿರ ಬಾ. ಹೇಳುತ್ತೇನೆ, ಆದರೆ ನಿನ್ನ ಹೊಟ್ಟೆಯೊಳಗೇ ಇರಬೇಕು. ಹೊರಗೆ ಹೋಯಿತೋ, ನಾಳೆಯಿಂದ ಈ ಕಡೆ ತಲೆ ಹಾಕಬೇಡ."

ಒಬ್ಬ ಹೆಂಗಸು ಹಕ್ಕಿ ನೋಡುವವರ ಗುಂಪಿನ ಜೊತೆ ಕ್ಯಾಮೆರಾ ಹಿಡಿದು ಕಾಡಿಗೆ ಹೋಗುತ್ತಿದ್ದಳು. ಎಲ್ಲರೂ ಮೆಚ್ಚಿದ ಚಿತ್ರವನ್ನು ಗುಂಪಿನವರು ತಾವು ಸೇರುವ ಕೋಣೆಯ ಗೋಡೆಗೆ ಹಾಕುತ್ತಿದ್ದರು. ಪ್ರತಿಸಲವೂ ನೆರೆಮನೆಯವಳ ಚಿತ್ರವೇ ಗೋಡೆ ಏರುವುದು. ಇವಳ ಹೊಟ್ಟೆಯಲ್ಲಿ ಖಾರ ಅರೆದ ಹಾಗೆ.

ಒಂದು ದಿನ ಪೊದೆಯೊಳಗೆ ಪಿಕಳಾರ ಹಕ್ಕಿಯ ಗೂಡು ಕಂಡಿತು. "ಮರಿಗಳಿವೆ, ಯಾರೂ ಹತ್ತಿರ ಹೋಗಬೇಡಿ" ಎಂದು ಮುಂದಾಳು ಎಲ್ಲರನ್ನೂ ಮುಂದಕ್ಕೆ ಕರೆದೊಯ್ದ. ಇವಳು ಚಪ್ಪಲಿಯ ನೆಪ ಹೇಳಿ ಹಿಂದೆ ಉಳಿದಳು.

ಗೂಡಿಗೆ ಒಂದು ಎಲೆಗೊಂಚಲು ಅಡ್ಡವಿತ್ತು. ಅದನ್ನು ಹಿಂದಕ್ಕೆ ಬಾಗಿಸಿ, ತನ್ನ ಕೂದಲಿನ ಕ್ಲಿಪ್ಪು ತೆಗೆದು ಸಿಕ್ಕಿಸಿದಳು. ಮರಿಗಳು ಬಾಯಿ ತೆರೆದವು. ತಾಯಿಹಕ್ಕಿ ಸುತ್ತಿ ಸುತ್ತಿ ಕೂಗಿತು. ಎದುರಿನ ಹುಣಸೆಯಲ್ಲಿ ಕಾಗೆಯೊಂದು ಕತ್ತು ಚಾಚಿತು. ದೂರದಿಂದ ಮುಂದಾಳು ಅವಳ ಹೆಸರು ಹಿಡಿದು ಕರೆದ. ಚಿತ್ರ ತೆಗೆದವಳೇ ಓಡಿದಳು.

ಬಸ್ಸು ಹೊರಟ ಮೇಲೆ ಕೂದಲು ಬಿಚ್ಚಿಕೊಂಡು ಮುಖದ ಮೇಲೆ ಬಿತ್ತು. ಕ್ಲಿಪ್ಪು ಆ ಎಲೆಗೊಂಚಲಿನಲ್ಲೇ ಉಳಿದದ್ದು ಆಗ ನೆನಪಾಯಿತು.

"ಕ್ಲಿಪ್ಪೆಲ್ಲಿ ಅಕ್ಕಾ?" ಎಂದಳು ಪಕ್ಕದಲ್ಲಿ ಕೂತಿದ್ದ ನೆರೆಮನೆಯವಳು.

ನಿಲ್ಲಿಸಿ ಎಂದಿದ್ದರೆ ಬಸ್ಸು ನಿಲ್ಲುತ್ತಿತ್ತು. ಆದರೆ ಕೆಲಸ ಬಯಲಾಗುತ್ತಿತ್ತು, ಚಿತ್ರ ಗೋಡೆ ಏರುತ್ತಿರಲಿಲ್ಲ.

"ಎಲ್ಲೋ ಬಿತ್ತು ಬಿಡೇ" ಎಂದು ಕಿಟಕಿಯ ಕಡೆ ತಿರುಗಿದಳು.

ದೂರದಿಂದಲೇ ತೆಗೆದದ್ದು ಎಂದು ಎಲ್ಲರನ್ನೂ ನಂಬಿಸಿದಳು, ಚಿತ್ರ ಗೋಡೆ ಏರಿತು. ಚಪ್ಪಾಳೆಯೋ ಚಪ್ಪಾಳೆ. ಇವಳ ಜಂಬ ನೋಡಬೇಕಿತ್ತು, ಸೆರಗು ಸರಿಮಾಡಿಕೊಂಡಿದ್ದೇ ಮಾಡಿಕೊಂಡಿದ್ದು! ಆಗ ನೆರೆಮನೆಯವಳು ಹತ್ತಿರ ಬಂದು ಇವಳ ಅಂಗೈಯಲ್ಲಿ ಅದೇ ಕ್ಲಿಪ್ಪು ಇಟ್ಟಳು. ಕಾಡಿನಿಂದ ಬಂದ ಮಾರನೆಯ ದಿನವೇ, ಅನುಮಾನ ಬಂದು, ಅವಳೊಬ್ಬಳೇ ಆ ಪೊದೆಯವರೆಗೆ ಹೋಗಿ ಬಂದಿದ್ದಳು. ಗೂಡು ಖಾಲಿಯಾಗಿತ್ತು.

ಅವ್ವ ಇಲ್ಲಿಗೆ ನಿಲ್ಲಿಸಿದಳು.

"ಅವಳು ಬೈದಳೇ ಅವ್ವಾ?" ನೀಲಾಂಬಿಕೆ ಕೇಳಿದಳು.

"ಬೈಯಲಿಲ್ಲ. ಮುಖಕ್ಕೆ ಮುಖ ಕೊಟ್ಟು ಇಷ್ಟೇ ಅಂದಳು: 'ಅಕ್ಕಾ, ಆ ಬಾಗಿಲು ತೆರೆದದ್ದು ನಿಮಗೊಬ್ಬರಿಗೇ ಅಂತ ಕಾಗೆಗೆ ಹೇಳಿ ಬಂದಿದ್ದಿರಾ?'"