ಕಬಡ್ಡಿ ಆಟಗಾರನ ಉಳುಕಿದ ಹೆಬ್ಬೆರಳು

"ಮನಸ್ಸು ನೊಂದವನಿಗೆ ಯಾರ ಮಾತು ನಾಟುತ್ತದೆ, ಬುದ್ಧಿ?" ಎಂದು ಮಠದ ಶಿಷ್ಯ ರೇವಣಸಿದ್ಧ ತನ್ನ ಗುರುಗಳನ್ನು ಕೇಳಿದ.

ಕೇಳಲು ಕಾರಣವಿತ್ತು. ಅವನ ಜೊತೆಗಾರ ಅಡಿವೆಯ್ಯ ತುಂಬಿದ ಸಭೆಯಲ್ಲಿ ಪಾಠ ಒಪ್ಪಿಸುವಾಗ ತಡವರಿಸಿ ನಿಂತುಬಿಟ್ಟಿದ್ದ. ಜನ ನಕ್ಕಿದ್ದರು. ಅಂದಿನಿಂದ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಈಗ ಗಂಟುಮೂಟೆ ಕಟ್ಟಿಟ್ಟಿದ್ದ. ನಾಳೆ ಮಠ ಬಿಟ್ಟು ಹೋಗುವವನಿದ್ದ.

"ನೀವೇ ಕರೆದು ಹೇಳಿ, ಬುದ್ಧಿ. ಇಲ್ಲವೇ ದೊಡ್ಡ ಪಂಡಿತರನ್ನು ಯಾರನ್ನಾದರೂ ಕರೆಸಿ. ಒಳ್ಳೆಯವನು ಕೈತಪ್ಪಿ ಹೋಗುತ್ತಾನೆ."

ಗುರುಗಳಿಗೆ ಕಬಡ್ಡಿಯೆಂದರೆ ಪ್ರಾಣ. ಏನು ಕೇಳಿದರೂ ಅವರ ಕತೆ ಅಂಕಣಕ್ಕೇ ಹೋಗಿ ನಿಲ್ಲುತ್ತಿತ್ತು. ಕುಳಿತಲ್ಲೇ ಮುಂದಕ್ಕೆ ಬಾಗಿ ಹೇಳತೊಡಗಿದರು.

ಕೇಳಪ್ಪ. ಒಂದೂರಲ್ಲಿ ಒಬ್ಬ ಕಬಡ್ಡಿ ಆಟಗಾರನಿದ್ದ. ಅಬ್ಬಬ್ಬಾ, ಏನು ಆಟ! ದಮ್ಮು ಹಿಡಿದು ನಡುಗೆರೆ ದಾಟಿದನೆಂದರೆ ಎದುರಿನವರ ಎದೆ ಡವಡವ. ಒಂದು ದಿನ ಏಳೂ ಮಂದಿ ಅವನ ಮೇಲೆ ಬಿದ್ದರು. ಅವನು ಕಾಲಿನ ಹೆಬ್ಬೆರಳೂರಿ ಗೆರೆಯತ್ತ ಜಿಗಿದ. ಬಿದ್ದವರ ಭಾರಕ್ಕೆ ಬೆರಳು ಹಿಂದಕ್ಕೆ ಮಡಚಿತು. ಮುರಿಯಲಿಲ್ಲ, ಬುಡದ ಕೀಲು ಉಳುಕಿತು. ಬೆರಳು ತಾನೇ, ಎನ್ನಬೇಡ. ಓಡುವವನು ನೆಲ ಒದ್ದು ಮುಂದಕ್ಕೆ ಹಾರುವುದೇ ಹೆಬ್ಬೆರಳಿನಿಂದ. ಅದು ಹೋದರೆ ಅವನ ಆಟ ಹೋದಂತೆ, ಆಟ ಹೋದರೆ ಅವನೇ ಹೋದಂತೆ. ಪಕ್ಕದ ಊರಿನ ಮೇಲೆ ದೊಡ್ಡ ಪಂದ್ಯ ಬೇರೆ ಹತ್ತಿರವಿತ್ತು.

ಊರಿಗೆ ಊರೇ ಓಡಿ ಬಂತು. ಒಬ್ಬ ಪೈಲ್ವಾನ ನೆಟಿಗೆ ಮುರಿಯುವಂತೆ ಬೆರಳನ್ನು ಎಳೆದ. ಇನ್ನೊಬ್ಬ ಬಿಸಿ ಎಣ್ಣೆ ಸುರಿದು ತಿಕ್ಕಿದ. ಕಾಲು ಮುಂದಾಗಿ ಹುಟ್ಟಿದವನು ಒದ್ದರೆ ಉಳುಕು ಬಿಡುತ್ತದೆ ಎಂದು ದೂರದೂರಿಂದ ಅಂಥವನೊಬ್ಬನನ್ನು ಗಾಡಿಯಲ್ಲಿ ಕರೆತಂದರು. ಬಂದವನೇ ಒದ್ದ! ಪುಣ್ಯಾತ್ಮ, ಬೆನ್ನಿಗೆ ಮೆಲ್ಲಗೆ ತಾಕಿಸಬೇಕಾದ ಕಾಲನ್ನು ಬೆರಳಿಗೆ ಬೀಸಿದ. ಆಟಗಾರನ ಕೂಗಿಗೆ ಮರದ ಕಾಗೆಗಳೆಲ್ಲ ಹಾರಿದವು. ಬೆರಳು ಊದಿ ಬದನೆಕಾಯಿಯಾಯಿತು.

ಕಡೆಗೆ ವೈದ್ಯನ ಬಳಿಗೆ ಹೊತ್ತೊಯ್ದರು. "ಹಸಿ ಉಳುಕನ್ನು ಯಾರಾದರೂ ತಿಕ್ಕುತ್ತಾರೇನಯ್ಯಾ!" ಎಂದು ವೈದ್ಯ ಎಲ್ಲರನ್ನೂ ಬೈದ. ತಣ್ಣೀರಿನ ಬಟ್ಟೆ ಸುತ್ತಿದ. ಕಾಲನ್ನು ದಿಂಬಿನ ಮೇಲೆ ಎತ್ತಿಡಿಸಿದ. ಊತ ಇಳಿದ ಮೇಲೆ ನಡುವೆ ಹತ್ತಿಯಿಟ್ಟು, ಹೆಬ್ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿದ. ಬಗ್ಗದ ಅಟ್ಟೆಯ ಚಪ್ಪಲಿ ಕೊಟ್ಟ.

ಆಟಗಾರನಿಗೆ ಸಿಟ್ಟು ಬಂತು. "ಇಷ್ಟೇನಾ? ಈ ಕಡ್ಡಿಯಂಥ ಬೆರಳು ನನ್ನ ಹೆಬ್ಬೆರಳನ್ನು ಕಾಯುತ್ತದೆಯೇ? ಗಟ್ಟಿಯಾದದ್ದೇನಾದರೂ ಕಟ್ಟಿ."

"ಗಟ್ಟಿಯಾದದ್ದು ಅಲುಗದಂತೆ ಹಿಡಿಯುತ್ತದೆ, ಅಷ್ಟೇ. ಇದು ನಿನ್ನ ಹೆಬ್ಬೆರಳಿನ ಜೊತೆಗೇ ಇರುತ್ತದೆ, ಜೊತೆಗೇ ನಡೆಯುತ್ತದೆ," ಎಂದ ವೈದ್ಯ.

ಆ ಪಂದ್ಯ ತಪ್ಪಿತು. ಅವನು ಬದಿಯಲ್ಲಿ ಕುಳಿತು ಅತ್ತ. ಊರು ಸೋತಿತು. ನೋವು ಪೂರ್ತಿ ಹೋಗುವ ತನಕ ವೈದ್ಯ ಕಟ್ಟು ಬಿಚ್ಚಗೊಡಲಿಲ್ಲ. ಆಮೇಲೆ ಬೆರಳನ್ನು ಮೆಲ್ಲಮೆಲ್ಲಗೆ ಬಾಗಿಸಲು ಹೇಳಿಕೊಟ್ಟ. ಮರುವರ್ಷ ಅದೇ ಅಂಕಣ, ಅದೇ ಎದುರಾಳಿಗಳು. ಎರಡೂ ಕಡೆ ಸಮ ಸಮ. ಕೊನೆಯ ದಾಳಿ. ಹೋದ! ಒಬ್ಬನನ್ನು ಮುಟ್ಟಿದ! ತಿರುಗಿದ, ಸೊಂಟ ಹಿಡಿದರು, ಕಾಲು ಹಿಡಿದರು...

ಗುರುಗಳು ಎದ್ದೇ ನಿಂತಿದ್ದರು. ಹೊದ್ದ ಶಾಲು ಜಾರಿ ನೆಲಕ್ಕೆ ಬಿದ್ದಿತ್ತು. ರೇವಣಸಿದ್ಧನೂ ಬಂದ ಕೆಲಸ ಮರೆತು ಮಂಡಿಯ ಮೇಲೆ ಎದ್ದಿದ್ದ.

"ಗೆರೆ ಮುಟ್ಟಿದನೇ, ಬುದ್ಧಿ?"

"ಮುಟ್ಟದೆ ಬಿಡುತ್ತಾನೆಯೇ! ಹೆಬ್ಬೆರಳೂರಿ ಒಂದು ಜಿಗಿತ ಜಿಗಿದ ನೋಡು, ಹಿಡಿದವರನ್ನೂ ಎಳೆದುಕೊಂಡೇ ಬಂದ!"

ರೇವಣಸಿದ್ಧ ಚಪ್ಪಾಳೆ ತಟ್ಟಿದ. "ಭಲೇ! ಅಂಥ ವೈದ್ಯ ಸಿಕ್ಕಿದ್ದು ಅವನ ಪುಣ್ಯ. ನಮ್ಮ ಅಡಿವೆಯ್ಯನಿಗೂ ಅಂಥವರೊಬ್ಬರು ಬೇಕು. ಎಲ್ಲಿಂದ ಕರೆಸೋಣ, ಬುದ್ಧಿ?"

ಗುರುಗಳು ಶಾಲು ಎತ್ತಿ ಹೊದ್ದು ಕುಳಿತರು.

"ಅಡಿವೆಯ್ಯನ ಪಕ್ಕದ ಚಾಪೆ ನಿನ್ನದೇ ಅಲ್ಲವೇನಪ್ಪ?"